ಹುಳು ಕಡಿದ ಪೈರಿನಿಂದ ಬರುವ ವಾಸನೆಗೆ ‘ಹುಯಿಲು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಹದಿನೈದು ದಿನದಿಂದ ಹುಡುಕುತ್ತಿದ್ದೇನೆ. ಸಿಕ್ಕಿದೆ ಅನ್ನಿಸುತ್ತದೆ, ಆದರೆ ಬಳಸಲು ಧೈರ್ಯ ಸಾಲುತ್ತಿಲ್ಲ. ಅದಕ್ಕೇ ನಿಮ್ಮ ಮುಂದಿಡುತ್ತಿದ್ದೇನೆ.

ಗೋವಿನಜೋಳ ಬೆಳೆಯುವವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. (ದಾವಣಗೆರೆ ಕಡೆಯವರು ಮೆಕ್ಕೆಜೋಳ ಎನ್ನಿ, ಮೈಸೂರು ಕಡೆಯವರು ಮುಸುಕಿನ ಜೋಳ ಎನ್ನಿ.) ಹುಳು ಬಿದ್ದಾಗ ಪೈರು ತಾನೇ ಏನು ಮಾಡುತ್ತದೆ ಅನ್ನುವುದು ಒಂದು ಅಧ್ಯಾಯ. ಎಣ್ಣೆ (ಕೀಟನಾಶಕ) ಹೊಡೆಯುವ ಮೊದಲು ಇದು ಗೊತ್ತಿದ್ದರೆ ಒಳ್ಳೆಯದು ಅಂತ ನನ್ನ ಆಸೆ.

ಆಗುವುದು ಇಷ್ಟು. ಹುಳು ಎಲೆ ಕಡಿದ ಕೂಡಲೇ ಹಸಿ ವಾಸನೆ ಏಳುತ್ತದೆ. ಹುಲ್ಲು ಕೊಯ್ದಾಗ ಬರುತ್ತಲ್ಲ, ಅದೇ ವಾಸನೆ. ಕುಡುಗೋಲು ತಾಗಿದರೂ ಅದು ಬರುತ್ತದೆ. ಆದರೆ ಕೆಲವು ಗಂಟೆ ಕಳೆದ ಮೇಲೆ ಇನ್ನೊಂದು ಬಗೆಯ ವಾಸನೆ ಶುರುವಾಗುತ್ತದೆ. ಇದರಲ್ಲಿ ಟರ್ಪೀನ್ ಜಾತಿಯ ವಸ್ತುಗಳು ಜಾಸ್ತಿ. ಕಡಿದ ಎಲೆಯಿಂದ ಮಾತ್ರ ಅಲ್ಲ, ಹುಳು ಮುಟ್ಟದ ಎಲೆಗಳಿಂದಲೂ ಬರುತ್ತದೆ. ಒಂದು ಪುಟ್ಟ ಕಡಜ ಈ ವಾಸನೆಯ ಜಾಡು ಹಿಡಿದು ಬಂದು ಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ಹುಳುವನ್ನು ಒಳಗಿನಿಂದಲೇ ತಿಂದು ಮುಗಿಸುತ್ತವೆ. ಅಮೆರಿಕದಲ್ಲಿ ಟರ್ಲಿಂಗ್ಸ್, ಟಮ್ಲಿನ್ಸನ್ ಮತ್ತು ಲೂಯಿಸ್ ಅನ್ನುವ ವಿಜ್ಞಾನಿಗಳು ಇದನ್ನು 1990ರಲ್ಲಿ ಗೋವಿನಜೋಳದ ಮೇಲೆಯೇ ತೋರಿಸಿಕೊಟ್ಟರು.

(ಕಡಜ ಅಂತಲೇ ಬರೆದಿದ್ದೇನೆ, ಗಮನಿಸಿ. ಕಣಜ ಅನ್ನುವ ರೂಪವೂ ಇದೆ. ಆದರೆ ‘ಹೊಲಕ್ಕೆ ಕಣಜ ಬರುತ್ತದೆ’ ಅಂದರೆ ರೈತರಿಗೆ ಕಾಳು ತುಂಬುವ ಕಣಜವೇ ಮೊದಲು ನೆನಪಾಗುತ್ತದೆ.)

ಈ ಎರಡನೆಯ ವಾಸನೆಗೆ ನಾನು ಮೊದಲು ಬರೆದದ್ದು ‘ಬಾಷ್ಪಶೀಲ ರಾಸಾಯನಿಕ ಸಂಕೇತ’ ಅಂತ. ಹಾವೇರಿ ಕಡೆ ಇರುವ ನಮ್ಮ ಭಾವನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಯಾವ ಎಣ್ಣಿ ಹೆಸರಪಾ?” ಅಂತ ಕೇಳಿದರು. ಅಲ್ಲಿಗೆ ಆ ಪದ ಬಿಟ್ಟೆ.

ಆಮೇಲೆ ಬರಿಯ ವಾಸನೆಯ ಪದಗಳನ್ನೇ ನೋಡಿದೆ. ಕಂಪು ಅಂದರೆ ಹಿತವಾದದ್ದು. ನಾತ ಅಂದರೆ ಈಗ ಕೆಟ್ಟದ್ದು ಮಾತ್ರ, ಹಳಗನ್ನಡದಲ್ಲಿ ಹಾಗಿರಲಿಲ್ಲ. ಘಾಟು ಅಂದರೆ ಮೆಣಸಿನಕಾಯಿ, ಹೊಗೆಸೊಪ್ಪು. ಗಮಲು ಪರವಾಗಿಲ್ಲ, ಆದರೆ ಬರೀ ತೀಕ್ಷ್ಣತೆ ಹೇಳುತ್ತದೆ. ಯಾವುದರಲ್ಲೂ ‘ಕಡಿಸಿಕೊಂಡದ್ದರಿಂದ ಹೊರಟದ್ದು’ ಅನ್ನುವ ಅರ್ಥ ಬರುವುದಿಲ್ಲ.

ಆಗ ಹೊಳೆದದ್ದು ಹುಯಿಲು. ಹಳಗನ್ನಡದ ಪುಯ್ಯಲ್. ಕಷ್ಟದಲ್ಲಿದ್ದವರು ನೆರವಿಗಾಗಿ ಇಡುವ ಮೊರೆ. ಊರಿನ ದನ ಹೊಡೆದುಕೊಂಡು ಹೋಗುವಾಗ ಕೂಗು ಕೇಳಿ ಓಡಿ ಬಂದು ಕಾದಿ ಸತ್ತವರ ವೀರಗಲ್ಲುಗಳು ನಮ್ಮ ಹಳ್ಳಿಗಳಲ್ಲಿ ಎಷ್ಟಿವೆ, ಅಲ್ವಾ? ಕಡಿಸಿಕೊಂಡವರು ಒಬ್ಬರು, ಕೂಗು ಇನ್ನೊಂದು, ಬರುವವರು ಮೂರನೆಯವರು. ಈ ಮೂರೂ ಆ ಒಂದು ಪದದಲ್ಲಿ ಇವೆ.

ತೊಡಕುಗಳೂ ಇವೆ. ಇಂದಿನ ಬಳಕೆಯಲ್ಲಿ ‘ಹುಯಿಲೆಬ್ಬಿಸಿದರು’ ಅಂದರೆ ಸಣ್ಣದಕ್ಕೆ ದೊಡ್ಡ ಗಲಾಟೆ ಮಾಡಿದರು ಅಂತ. ಪೈರಿನ ಕಷ್ಟ ಸುಳ್ಳಲ್ಲ. ಇನ್ನೊಂದು, ಹುಯಿಲು ಕಿವಿಗೆ ಸೇರಿದ್ದು, ಇದು ಮೂಗಿಗೆ ಸೇರಿದ್ದು. ಇದನ್ನು ನಾನು ದೊಡ್ಡದು ಮಾಡುವುದಿಲ್ಲ. ಸುದ್ದಿಯ ವಾಸನೆ ಬಡಿಯಿತು ಅನ್ನುತ್ತೇವಲ್ಲ, ಹಾಗೆ ಕನ್ನಡದಲ್ಲಿ ಕಿವಿ ಮೂಗು ಅದಲುಬದಲಾಗುವುದು ಹೊಸದಲ್ಲ. ನಿಜವಾಗಿ ಕಾಡುವುದು ಮೂರನೆಯದು. ಹುಯಿಲಿಡುವವರಿಗೆ ತಾವು ಕರೆಯುತ್ತಿದ್ದೇವೆ ಅಂತ ಗೊತ್ತಿರುತ್ತದೆ. ಪೈರಿಗೆ ಆ ಅರಿವು ಇದೆ ಅಂತ ಹೇಳಲಾಗದು. ಕಡಜವೂ ಪೈರನ್ನು ಉಳಿಸಲು ಬರುವುದಲ್ಲ, ತನ್ನ ಮರಿಗಳಿಗೆ ಊಟ ಹುಡುಕಿ ಬರುತ್ತದೆ. ಈ ಕಾರಣಕ್ಕೆ ‘ಸುಳಿವು’ ಅನ್ನುವುದನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಸುಳಿವು ಯಾರೂ ಬೇಕಂತ ಕೊಡಬೇಕಿಲ್ಲ, ಸಿಕ್ಕಿದರೂ ಸಾಕು. ಹೇಳಬೇಕಾದಷ್ಟನ್ನೇ ಹೇಳುವ ಪದ. ಆದರೆ ಅದರಲ್ಲಿ ನೋವಿಲ್ಲ.

ಒಂದು ಪರೀಕ್ಷೆ ಮಾಡಿ ನೋಡಿದೆ. 2005ರಲ್ಲಿ ಗೋವಿನಜೋಳದ ಬೇರಿನ ವಿಷಯ ಬಯಲಾಯಿತು. ಬೇರು ತಿನ್ನುವ ಹುಳು ಬಿದ್ದಾಗ ಬೇರು ಕ್ಯಾರಿಯೋಫಿಲೀನ್ ಅನ್ನುವ ವಸ್ತುವನ್ನು ಮಣ್ಣಿಗೆ ಬಿಡುತ್ತದೆ. ಅದರ ಜಾಡು ಹಿಡಿದು ಮಣ್ಣಿನಲ್ಲಿರುವ ಪುಟ್ಟ ದುಂಡುಹುಳುಗಳು (ನೆಮಟೋಡ್) ಬಂದು ಆ ಹುಳುವನ್ನು ಕೊಲ್ಲುತ್ತವೆ. ಉತ್ತರ ಅಮೆರಿಕದ ಹೆಚ್ಚಿನ ತಳಿಗಳಲ್ಲಿ ಈ ಗುಣ ಕಳೆದುಹೋಗಿದೆ. ಈಗ ಎರಡು ವಾಕ್ಯ ನೋಡಿ. ‘ಸುಳಿವು ಕೊಡದ ತಳಿ.’ ‘ಹುಯಿಲು ಮರೆತ ತಳಿ.’ ಏನು ಕಳೆದುಕೊಂಡಿದ್ದೇವೆ ಅನ್ನುವುದು ಎರಡನೆಯದರಲ್ಲಿ ತಾನೇ ಗೊತ್ತಾಗುತ್ತದೆ. ಹೀಗಾಗಿ ನನ್ನ ಮನಸ್ಸು ಹುಯಿಲಿನ ಕಡೆಗೇ ಇದೆ. ಮೊದಲ ಸಲ ಬಂದಾಗ ‘ಹುಯಿಲಿನ ವಾಸನೆ’ ಅಂತ ಬಿಡಿಸಿ ಬರೆದು, ಆಮೇಲೆ ಬರೀ ಹುಯಿಲು ಅಂದರೆ ನಡೆಯುತ್ತದಾ?

ಇದರ ಜೊತೆಗೇ ಬರುವ ಇನ್ನೊಂದು ಪದದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಕತ್ತರಿಯಿಂದ ಎಲೆ ಕತ್ತರಿಸಿದರೆ ಈ ವಾಸನೆ ಅಷ್ಟಾಗಿ ಬರುವುದಿಲ್ಲ. ಕತ್ತರಿಸಿದ ಜಾಗಕ್ಕೆ ಹುಳುವಿನ ಬಾಯಿಯ ರಸ ಹಚ್ಚಿದರೆ ಬರುತ್ತದೆ. ಅಂದರೆ ಪೈರು ಗುರುತಿಸುವುದು ಬರೀ ಗಾಯವನ್ನಲ್ಲ, ಬಾಯಿಯನ್ನು. ಆ ರಸದಲ್ಲಿರುವ ವೊಲಿಸಿಟಿನ್ ಅನ್ನುವ ವಸ್ತುವನ್ನು 1997ರಲ್ಲಿ ಗುರುತಿಸಿದರು. ಈ ರಸಕ್ಕೆ ಕೆಲವರು ‘ಲಾಲಾರಸ’ ಅಂತ ಬರೆಯುತ್ತಾರೆ. ಜೊಲ್ಲು ಅಂತಲೂ ಅನ್ನಬಹುದು. ನಾನು ‘ಎಂಜಲು’ ಅಂತ ಬರೆದಿದ್ದೇನೆ.

ಕಾರಣ ಇದೆ. ವೊಲಿಸಿಟಿನ್‌ನ ಒಂದು ಭಾಗ ಲಿನೋಲೆನಿಕ್ ಆಮ್ಲ. ಅದು ಹುಳುವಿನದಲ್ಲ, ಪೈರಿನದೇ. ಎಲೆಯ ಜೊತೆ ಹುಳುವಿನೊಳಗೆ ಹೋಗುತ್ತದೆ. ಹುಳು ಅದನ್ನು ಸ್ವಲ್ಪ ಮಾರ್ಪಡಿಸಿ, ತನ್ನಲ್ಲಿರುವ ಗ್ಲುಟಮಿನ್ ಅನ್ನುವ ಅಮೈನೋ ಆಮ್ಲ ಸೇರಿಸುತ್ತದೆ. ಹಾಗೆ ಆದದ್ದು ಬಾಯಿಂದ ಮತ್ತೆ ಎಲೆಗೆ ತಾಗುತ್ತದೆ. ತನ್ನದೇ ವಸ್ತು ಇನ್ನೊಬ್ಬರ ಬಾಯಿ ಸೋಕಿ ವಾಪಸ್ ಬರುವುದು. ಇದಕ್ಕೆ ಕನ್ನಡದಲ್ಲಿ ಎಂಜಲು ಅನ್ನದೆ ಮತ್ತೇನು ಅನ್ನುತ್ತೇವೆ? ಜೊಲ್ಲು ಬಾಯಲ್ಲೇ ಹುಟ್ಟಿದ್ದು. ಎಂಜಲಿಗೆ ತಿಂದ ವಸ್ತುವೂ ಬೇಕು, ತಿಂದ ಬಾಯಿಯೂ ಬೇಕು. ಕೊಳಕು ಪದ, ಪುಸ್ತಕಕ್ಕೆ ಬೇಡ ಅಂತ ಒಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ಇಷ್ಟು ಚೆನ್ನಾಗಿ ಹೊಂದುವ ಪದವನ್ನು ಮಡಿಗಾಗಿ ಬಿಡಬಾರದು.

ಲದ್ದಿ ಹುಳುವಿನದೂ ಇಂಥದ್ದೇ ಕತೆ. ಇಂಡಿಯಾದಲ್ಲಿ ಅದು ಮೊದಲು ಕಂಡದ್ದು ನಮ್ಮ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ಬರಹದಲ್ಲಿ ‘ಫಾಲ್ ಸೈನಿಕ ಹುಳು’ ಅಂತಾಯಿತು. ರೈತರು ಸುಳಿಯೊಳಗೆ ತುಂಬಿಕೊಳ್ಳುವ ಲದ್ದಿ ನೋಡಿ ಲದ್ದಿ ಹುಳು ಅಂದರು. ಈ ಹುಳುವಿನ ಲದ್ದಿ ಗಾಯಕ್ಕೆ ತಾಗಿದರೆ ಗೋವಿನಜೋಳ ಹುಳುವಿನ ವಿರುದ್ಧ ಮಾಡುವ ತಯಾರಿ ತಗ್ಗುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ರೋಗ ತಗುಲಿದೆ ಅನ್ನುವ ಹಾಗೆ ಅದರ ಗಮನ ಬೇರೆ ಕಡೆ ತಿರುಗುತ್ತದೆ. ಹಾಗೆ ತಿರುಗಿಸುವ ಪ್ರೋಟೀನ್ ಕೂಡ ಪೈರಿನದೇ, ಹುಳುವಿನ ಹೊಟ್ಟೆ ಹಾದು ಬಂದದ್ದು. ಎಂಜಲು ಎಚ್ಚರಿಸುತ್ತದೆ, ಲದ್ದಿ ದಾರಿ ತಪ್ಪಿಸುತ್ತದೆ. ಕೈಪಿಡಿಯಲ್ಲಿ ಲದ್ದಿ ಹುಳು ಅಂತಲೇ ಉಳಿಸುತ್ತೇನೆ.

ಹುಳು ಕಡಿದ ಸುದ್ದಿ ಪೈರಿನೊಳಗೆ ಹರಡಲು ಬೇಕಾದ ಜಾಸ್ಮೋನಿಕ್ ಆಮ್ಲವನ್ನು ‘ಮಲ್ಲಿಗೆ ಹುಳಿ’ ಮಾಡೋಣ ಅಂತ ಸಲಹೆ ಬಂದಿದೆ. ಈ ಗುಂಪಿನ ವಸ್ತು 1962ರಲ್ಲಿ ಮೊದಲು ಸಿಕ್ಕದ್ದು ಜಾಜಿಯ ಎಣ್ಣೆಯಲ್ಲಿ, ಅದು ಸರಿ. ಆದರೆ ಓದುವವರು ಹೊಲದಲ್ಲಿ ಮಲ್ಲಿಗೆ ಹುಡುಕುತ್ತಾರೆ. ಜಾಸ್ಮೋನಿಕ್ ಆಮ್ಲ ಅಂತಲೇ ಬಿಡುತ್ತೇನೆ.

ಕೊನೆಯದು ಬಿಳಿಜೋಳದ ಮಾತು. ಅದರ ಎಳೆಯ ಎಲೆಯಲ್ಲಿ ಧುರ್ರಿನ್ ಅನ್ನುವ ವಸ್ತು ಇರುತ್ತದೆ. ಅರಬರು ಜೋಳಕ್ಕೆ ಇಟ್ಟ ಹೆಸರಿನಿಂದ ಬಂದ ಪದ ಇದು. ಧುರ್ರಿನ್ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ. ಅಗಿದಾಗ ಎರಡೂ ಬೆರೆತು ಸಯನೈಡ್ ಹೊರಡುತ್ತದೆ. ಎಲೆ, ಅಡಿಕೆ, ಸುಣ್ಣ ತಟ್ಟೆಯಲ್ಲಿ ಇರುವವರೆಗೆ ಕೆಂಪಿಲ್ಲ, ಬಾಯಿಗೆ ಹಾಕಿ ಅಗಿದ ಮೇಲೇ ಕೆಂಪು. ಹಾಗೆ ಇದು. ಮಳೆಯಿಲ್ಲದೆ ಬಾಡಿದ ಪೈರಿನಲ್ಲಿ, ಕೊಯ್ದ ಮೇಲೆ ಚಿಗುರಿದ ಕೂಳೆಯಲ್ಲಿ ಜಾಸ್ತಿ. ಅದಕ್ಕೇ ಅಲ್ಲಿ ದನ ಬಿಡಬೇಡಿ ಅಂತ ಹಿರಿಯರು ಹೇಳುವುದು. ಇದಕ್ಕೆ ‘ಕೂಡಿಟ್ಟ ನಂಜು’ ಅಂತ ಬರೆದಿದ್ದೇನೆ. ಹುಯಿಲು ಕಡಿಸಿಕೊಂಡ ಮೇಲೆ ಹುಟ್ಟುವುದು, ಇದು ಕಡಿಯುವ ಮೊದಲೇ ಇರುವುದು. ಆ ಬೇರೆತನ ಪದದಲ್ಲೇ ಕಾಣಬೇಕು. ಆದರೆ ನಮ್ಮಲ್ಲಿ ಬದನೆಕಾಯಿಯೂ ನಂಜು, ಗಾಯ ಕೀವಾದರೂ ನಂಜು. ಗೊಂದಲ ಆಗುತ್ತದಾ?

ಎರಡು ವಿಷಯ ತಿಳಿಸಿದರೆ ತುಂಬಾ ಉಪಕಾರ. ಹುಯಿಲು ಅನ್ನುವ ಪದ ಗಲಾಟೆಯ ಅರ್ಥ ಇಲ್ಲದೆ, ಬರೀ ನೆರವಿನ ಮೊರೆಯಾಗಿ, ನಿಮ್ಮ ಮನೆಮಾತಿನಲ್ಲಿ ಈಗಲೂ ಇದೆಯಾ? ಮತ್ತೆ, ಕೂಳೆ ಮೇಯ್ದ ದನಕ್ಕೆ ಆಗುವುದಕ್ಕೆ ವಿಜಯಪುರ, ಕಲಬುರಗಿ, ಬಳ್ಳಾರಿ ಕಡೆ ಏನು ಅನ್ನುತ್ತಾರೆ? ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ, ತಿದ್ದುವುದು ಬೇಡ.