ಆಜ್ಞೆಗೆ ಒಳಪಟ್ಟವನಿಗೆ ಬಿಡುಗಡೆ ಎಲ್ಲಿಂದ? ಅಡಿಕೆ ಸುಲಿತದ ಕಾಲದ ಭಾನುವಾರದ ಬಗ್ಗೆ ಒಂದು ಪ್ರಶ್ನೆ

ತೋಟದಂಚಿನವನು (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ತಿಳಿದವರು ಅವಸರವಿಲ್ಲದೆ ಉತ್ತರಿಸಬೇಕೆಂದು ಕೋರುತ್ತೇನೆ.

ನಮ್ಮದು ಸಣ್ಣ ಅಡಿಕೆ ತೋಟವಿರುವ ಕ್ರೈಸ್ತ ಕುಟುಂಬ. ಅಪ್ಪ ಬದುಕಿರುವಷ್ಟು ಕಾಲ ಭಾನುವಾರದಂದು ಮನೆಯವರು ಯಾರೂ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಟ್ಟಬಾರದೆಂಬುದು ಮೀರಲಾಗದ ಕಟ್ಟಳೆಯಾಗಿತ್ತು. ಶನಿವಾರ ಇಳಿಸಿದ ಅಡಿಕೆ ಕೊನೆಗಳು ಅಂಗಳದಲ್ಲಿ ರಾಶಿ ಬಿದ್ದಿದ್ದರೂ, ನಾವು ಮಕ್ಕಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬೆಳಗಿನ ಬಸ್ಸಿಗೆ ಆರಾಧನೆಗೆ ಹೊರಡುತ್ತಿದ್ದೆವು. ಸುಲಿಯುವ ಹೆಂಗಸರು ಚಪ್ಪರದ ಕೆಳಗೆ ಎಂದಿನಂತೆ ಕೂತಿರುತ್ತಿದ್ದರು, ಸಂಜೆ ನಾವು ಹಿಂದಿರುಗುವಷ್ಟರಲ್ಲಿ ಅಡಿಕೆ ಬೇಯಿಸುವ ಹಂಡೆಗೆ ಬೆಂಕಿಯೂ ಬಿದ್ದಿರುತ್ತಿತ್ತು. ಆ ದಿನ ನಾನು ಅನುಭವಿಸಿದ್ದು ಭಯವನ್ನು ಮಾತ್ರ. ಒಂದು ವರ್ಷ ಕೊಳೆರೋಗ ಹೆಚ್ಚಾಗಿ ಅರ್ಧ ಫಸಲು ಉದುರಿದಾಗ, ಹಿಂದಿನ ವರ್ಷ ಒಂದು ಭಾನುವಾರ ಕದ್ದು ಅಡಿಕೆ ಹರವಿದ್ದೇ ಕಾರಣವೆಂದು ಅಪ್ಪ ನನ್ನತ್ತ ನೋಡಿದ್ದು ಇಂದಿಗೂ ಮರೆತಿಲ್ಲ.

ಈಗ ತೋಟ ನನ್ನ ಕೈಯಲ್ಲಿದೆ. ಶಿವಮೊಗ್ಗದಲ್ಲಿ ಓದುತ್ತಿರುವ ಮಗಳು ರಜೆಗೆ ಬಂದಾಗ, "ಅಪ್ಪಾ, ಭಾನುವಾರ ನಮಗೆ ರಜೆಯೋ ಸಜೆಯೋ?" ಎಂದು ಕೇಳಿದಳು. ಅದರ ಹಿಂದಿನ ವಾರವಷ್ಟೇ ನಮ್ಮ ಸಭಾಪಾಲಕರು ಬೈಬಲಿನ 119ನೆಯ ಕೀರ್ತನೆಯನ್ನು ಹಿಡಿದು, ದೇವರ ಆಜ್ಞೆಗಳಿಗೆ ವಿಧೇಯನಾದವನೇ ನಿಜವಾದ ಸ್ವತಂತ್ರನೆಂದು ಬೋಧಿಸಿದ್ದರು. ಕೇಳುವಾಗ ಚೆನ್ನಾಗಿತ್ತು, ಆದರೆ ಮಗಳಿಗೆ ಅದನ್ನು ಒಪ್ಪಿಸಲು ನನ್ನ ಬಳಿ ಮಾತಿರಲಿಲ್ಲ. ವಿಧೇಯತೆ ಮತ್ತು ಸ್ವಾತಂತ್ರ್ಯ ಒಂದೇ ಕೊಟ್ಟಿಗೆಯಲ್ಲಿ ಕಟ್ಟಬಹುದಾದ ದನಗಳೇ? ಕ್ರಿಸ್ತನು ನಮ್ಮನ್ನು ಬಿಡುಗಡೆ ಮಾಡಿದ್ದಾನೆ, ಮತ್ತೆ ದಾಸತ್ವದ ನೊಗಕ್ಕೆ ಸಿಕ್ಕಿಕೊಳ್ಳಬೇಡಿ ಎಂದು ಅಪೊಸ್ತಲ ಪೌಲನೇ ಗಲಾತ್ಯದ ಸಭೆಯವರಿಗೆ ಪತ್ರದಲ್ಲಿ ಬರೆದಿರುವಾಗ, ಹತ್ತು ಆಜ್ಞೆಗಳ ಮಾತು ಮತ್ತೇಕೆ?

ನಿವೃತ್ತ ಮೇಷ್ಟ್ರು (ಶಿವಮೊಗ್ಗ)

ನಿಮ್ಮ ಮಗಳ ಪ್ರಶ್ನೆ ಸರಿಯಾದ ಜಾಗಕ್ಕೇ ಕೈ ಹಾಕಿದೆ. ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯವನ್ನು ತೆರೆದು, ಮೊದಲ ಆಜ್ಞೆಗೂ ಮುಂಚಿನ ವಾಕ್ಯವನ್ನು ಇಬ್ಬರೂ ಕೂತು ಓದಿ. ಅಲ್ಲಿ ದೇವರು ಏನನ್ನೂ ಕೇಳುವ ಮೊದಲು ತಾನು ಮಾಡಿದ್ದನ್ನು ಹೇಳುತ್ತಾನೆ: ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ನಿಮ್ಮನ್ನು ಹೊರಗೆ ತಂದವನು ನಾನೇ. ಕೆಂಪು ಸಮುದ್ರವನ್ನು ದಾಟಿದ್ದು 14ನೆಯ ಅಧ್ಯಾಯದಲ್ಲಿ, ಸೀನಾಯಿ ಬೆಟ್ಟದ ಆಜ್ಞೆಗಳು ಬಂದದ್ದು ಅದಾದ ಮೇಲೆ. ಆಜ್ಞೆಗಳನ್ನು ಪಾಲಿಸಿದ್ದಕ್ಕೆ ಪ್ರತಿಫಲವಾಗಿ ಬಿಡುಗಡೆ ಸಿಕ್ಕಿದ್ದಲ್ಲ. ಬಿಡುಗಡೆ ಹೊಂದಿದವರು ಮತ್ತೆ ಜೀತಕ್ಕೆ ಬೀಳದಂತೆ, ಅದಕ್ಕಿಂತ ಮುಖ್ಯವಾಗಿ ತಾವೇ ಐಗುಪ್ತದ ಅರಸ ಫರೋಹನಂತಾಗದಂತೆ, ಆಜ್ಞೆಗಳು ಬಂದವು. ಈ ಕ್ರಮವನ್ನು ತಿರುವುಮುರುವು ಮಾಡಿ ಕಲಿಸಿದಲ್ಲೆಲ್ಲ ಭಯ ಹುಟ್ಟುತ್ತದೆ. ನಿಮ್ಮ ಮನೆಯಲ್ಲಿಯೂ ಹಾಗೇ ಆಗಿರಬೇಕೆಂದು ತೋರುತ್ತದೆ.

ಇನ್ನು ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿಯ ದಿನದ ವಿಷಯ. ದಶಾಜ್ಞೆಗಳು ಬೈಬಲಿನಲ್ಲಿ ಎರಡು ಕಡೆ ಬರುತ್ತವೆ, ಮತ್ತು ವಿಶ್ರಾಂತಿಯ ದಿನಕ್ಕೆ ಕೊಟ್ಟ ಕಾರಣ ಎರಡು ಕಡೆಯೂ ಒಂದೇ ಅಲ್ಲ. ವಿಮೋಚನಕಾಂಡವು ದೇವರು ಆರು ದಿನಗಳಲ್ಲಿ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದ್ದನ್ನು ನೆನಪಿಸುತ್ತದೆ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯವು ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ ಎಂಬುದನ್ನು ನೆನಪಿಸುತ್ತದೆ. ಆ ದಾಸತ್ವ ಹೇಗಿತ್ತೆಂಬುದು ವಿಮೋಚನಕಾಂಡದ 5ನೆಯ ಅಧ್ಯಾಯದಲ್ಲಿದೆ: ಆರಾಧನೆಗೆ ಬಿಡುವು ಕೇಳಿದವರನ್ನು ಫರೋಹನು ಸೋಮಾರಿಗಳೆಂದು ಜರೆದು, ಇಟ್ಟಿಗೆಗೆ ಬೇಕಾದ ಹುಲ್ಲನ್ನು ಕೊಡುವುದನ್ನು ನಿಲ್ಲಿಸಿ, ಇಟ್ಟಿಗೆಯ ಲೆಕ್ಕವನ್ನು ಮಾತ್ರ ಕಡಿಮೆ ಮಾಡಲಿಲ್ಲ. ಬಿಡುವೆಂಬುದೇ ಇಲ್ಲದಿದ್ದ ಜನಕ್ಕೆ "ವಾರಕ್ಕೊಂದು ದಿನ ಕೆಲಸ ನಿಲ್ಲಿಸು" ಎಂಬ ಮಾತು ಆಜ್ಞೆಯಾಗಿ ಕೇಳಿಸಿತೋ ಬಿಡುಗಡೆಯ ಪತ್ರವಾಗಿ ಕೇಳಿಸಿತೋ, ನೀವೇ ಯೋಚಿಸಿ.

ಆದರೆ ಆ ಆಜ್ಞೆ ಮನೆಯ ಯಜಮಾನನಲ್ಲಿಗೇ ನಿಲ್ಲುವುದಿಲ್ಲ. ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಊರಿನಲ್ಲಿರುವ ಪರದೇಶಿ ಎಂದು ಪಟ್ಟಿ ಮಾಡಿ, ನಿನ್ನ ದಾಸ ದಾಸಿಯರಿಗೂ ನಿನ್ನ ಹಾಗೆಯೇ ವಿಶ್ರಾಂತಿ ಸಿಗಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ತಂದೆಯವರ ಭಕ್ತಿಯ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಬೇಸರಿಸಬಾರದು: ಚಪ್ಪರದ ಕೆಳಗೆ ಹೆಂಗಸರು ಸುಲಿಯುತ್ತಿದ್ದ ಆ ಭಾನುವಾರ ಪಾಲನೆಯಾದದ್ದು ಅರ್ಧ ಆಜ್ಞೆ ಮಾತ್ರ. ಅರ್ಧ ಪಾಲಿಸಿದ ಆಜ್ಞೆ ಪೂರ್ತಿ ಮುರಿದದ್ದಕ್ಕಿಂತ ಹೆಚ್ಚು ಭಾರವಾಗುತ್ತದೆಂಬುದು ನನ್ನ ಅನುಭವ.

ಪೌಲನ ಮಾತಿಗೆ ಬರುತ್ತೇನೆ. ಗಲಾತ್ಯದ ಸಭೆಯಲ್ಲಿ ಎದ್ದಿದ್ದ ಜಗಳ, ಯೆಹೂದ್ಯರಲ್ಲದ ವಿಶ್ವಾಸಿಗಳು ಸುನ್ನತಿ ಮಾಡಿಸಿಕೊಳ್ಳದೆ ದೇವರ ಜನರಾಗಬಹುದೇ ಎಂಬುದರ ಬಗ್ಗೆ. ರಕ್ಷಣೆಯನ್ನು ಸಂಪಾದಿಸಲೆಂದು ಹೊರುವ ನೊಗವನ್ನು ಅವನು ಬೇಡವೆನ್ನುತ್ತಾನೆ. ನೀವು ಹೇಳಿದ ಮಾತಿರುವ ಗಲಾತ್ಯದ ಪತ್ರದ 5ನೆಯ ಅಧ್ಯಾಯದಲ್ಲೇ ಹನ್ನೆರಡೇ ವಚನ ಮುಂದೆ ಹೋದರೆ, ಸ್ವಾತಂತ್ರ್ಯವನ್ನು ಶರೀರದ ಇಚ್ಛೆಗೆ ನೆಪ ಮಾಡಿಕೊಳ್ಳದೆ ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿರಿ ಎನ್ನುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಅವನು ಇನ್ನೂ ನೇರವಾಗಿದ್ದಾನೆ: ಯಾರ ಆಳೂ ಅಲ್ಲದ ಮನುಷ್ಯನೇ ಇಲ್ಲ, ಪಾಪದ ಆಳಾಗಿರುತ್ತೀರಿ ಇಲ್ಲವೇ ನೀತಿಯ ಆಳಾಗಿರುತ್ತೀರಿ. ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1520ರಲ್ಲಿ ಇದನ್ನೇ ಎರಡು ವಾಕ್ಯಗಳಲ್ಲಿ ಎದುರುಬದುರಾಗಿ ನಿಲ್ಲಿಸಿದ. ಕ್ರೈಸ್ತನು ಯಾರ ಅಧೀನದಲ್ಲೂ ಇಲ್ಲದ ಸ್ವತಂತ್ರ ಒಡೆಯ ಎಂಬುದು ಒಂದು, ಕ್ರೈಸ್ತನು ಎಲ್ಲರ ಅಧೀನದಲ್ಲಿರುವ ಸೇವಕ ಎಂಬುದು ಇನ್ನೊಂದು. ಎರಡನ್ನೂ ಒಟ್ಟಿಗೆ ಹಿಡಿಯಬೇಕೆಂಬುದೇ ಅವನ ವಾದವಾಗಿತ್ತು.

ಕಾಗೋಡು ದಾರಿ (ಸಾಗರ)

ನಾನು ಕಥೋಲಿಕ. ಮೇಷ್ಟ್ರು ಹೇಳಿದ್ದರಲ್ಲಿ ನನಗೆ ಭಿನ್ನಾಭಿಪ್ರಾಯ ಹೆಚ್ಚೇನೂ ಇಲ್ಲ. ನಮ್ಮ ಧರ್ಮೋಪದೇಶದಲ್ಲಿಯೂ ಭಾನುವಾರದ ಬಲಿಪೂಜೆ (ಚರ್ಚಿನ ಮಾಸ್) ಕಡ್ಡಾಯ, ಕುಟುಂಬದ ನಿಜವಾದ ಅಗತ್ಯವಿದ್ದರೆ ಕೆಲಸಕ್ಕೆ ವಿನಾಯಿತಿಯೂ ಉಂಟು. ಹಸಿ ಅಡಿಕೆ ಕೆಟ್ಟುಹೋಗುವುದು ನಿಜವಾದ ಅಗತ್ಯವೋ ಅಲ್ಲವೋ ಎಂಬುದನ್ನು ಆತ್ಮಸಾಕ್ಷಿ ತೀರ್ಮಾನಿಸಬೇಕು. ನಮ್ಮ ಮನೆಯಲ್ಲಿ ಈ ತೀರ್ಮಾನಕ್ಕೆ ಪ್ರತಿ ವರ್ಷ ಜಗಳವಾಗುತ್ತದೆ, ಅದು ಬೇರೆ ಮಾತು.

ನಾನು ಸೇರಿಸಬೇಕೆಂದಿರುವುದು ಕೊಳಗದ ವಿಷಯ. 1951ರ ಕಾಗೋಡು ಸತ್ಯಾಗ್ರಹ ನಮ್ಮ ತಾಲ್ಲೂಕಿನಲ್ಲಿ ನಡೆದದ್ದು. ಗೇಣಿಯ ಭತ್ತವನ್ನು ಭೂಮಾಲೀಕರು ಸರ್ಕಾರಿ ಅಳತೆಗಿಂತ ದೊಡ್ಡದಾದ ಕೊಳಗದಿಂದ ಅಳೆದುಕೊಳ್ಳುತ್ತಿದ್ದುದು ಆ ಹೋರಾಟದ ಮುಖ್ಯ ಕಾರಣಗಳಲ್ಲಿ ಒಂದು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಎಲ್ಲರಿಗೂ ಗೊತ್ತಿದೆ. ಈಗ ಯಾಜಕಕಾಂಡದ 19ನೆಯ ಅಧ್ಯಾಯದ ಕೊನೆಯನ್ನು ಓದಿ. ತಕ್ಕಡಿ, ತೂಕದ ಕಲ್ಲು, ಅಳೆಯುವ ಪಾತ್ರೆ ನ್ಯಾಯವಾಗಿರಬೇಕೆಂಬ ಆಜ್ಞೆಯ ಬೆನ್ನಿಗೇ, ಐಗುಪ್ತದಿಂದ ನಿಮ್ಮನ್ನು ಹೊರಗೆ ತಂದ ದೇವರು ನಾನು ಎಂಬ ಅದೇ ಮಾತು ಬರುತ್ತದೆ. ಕೊಳಗಕ್ಕೂ ಐಗುಪ್ತಕ್ಕೂ ಏನು ಸಂಬಂಧವೆಂದು ಚಿಕ್ಕವನಿದ್ದಾಗ ನನಗೆ ತಿಳಿಯುತ್ತಿರಲಿಲ್ಲ. ಅಳತೆ ದೊಡ್ಡದಾದಷ್ಟೂ ಎದುರಿಗೆ ನಿಂತವನು ಮತ್ತೆ ಜೀತದತ್ತ ಜಾರುತ್ತಾನೆ ಎಂಬುದನ್ನು ಅಜ್ಜನ ಕಾಲದ ಗೇಣಿಯ ಕಥೆಗಳೇ ನನಗೆ ಕಲಿಸಿದವು.

ಇನ್ನೊಂದು ಚಿತ್ರ ನಿಮಗೂ ಪರಿಚಿತವಾದದ್ದೇ. ಅಡಿಕೆ ಕೊನೆ ಇಳಿಸುವ ಕೊನೆಗಾರ ಮರ ಹತ್ತುವ ಮುನ್ನ ಎರಡೂ ಪಾದಗಳನ್ನು ತಳೆಯೆಂಬ ಬಳೆಯೊಳಗೆ ತೂರಿಸಿಕೊಳ್ಳುತ್ತಾನೆ. ನೋಡಿದವರಿಗೆ ಅದು ಕಾಲಿಗೆ ಬಿದ್ದ ಕಟ್ಟಿನಂತೆಯೇ ಕಾಣುತ್ತದೆ. ಆದರೆ ಮಳೆಯಲ್ಲಿ ಪಾಚಿಗಟ್ಟಿದ ಮರವನ್ನು ಅಪ್ಪಿ ಮೇಲೇರಲು ಆ ಕಟ್ಟೇ ಅವನಿಗೆ ಆಧಾರ, ಕಾಲು ಬಿಡಿಯಾಗಿರುವ ನಾನು ಬುಡದಲ್ಲೇ ನಿಂತಿರುತ್ತೇನೆ.

ಕೊಪ್ಪದ ಅಕ್ಕ

ಸಾಗರದ ಅಣ್ಣನ ತಳೆಯ ಹೋಲಿಕೆ ಚೆಂದವಿದೆ, ಆದರೆ ನನಗೆ ಅದರ ಮೇಲೆ ಪೂರ್ತಿ ನಂಬಿಕೆಯಿಲ್ಲ. ಕೊನೆಗಾರ ತಳೆಯನ್ನು ತಾನೇ ಹಾಕಿಕೊಳ್ಳುತ್ತಾನೆ, ಇಳಿದ ಮೇಲೆ ತಾನೇ ತೆಗೆಯುತ್ತಾನೆ. ಬೇರೆಯವರು ಬಂದು ನಮ್ಮ ಕಾಲಿಗೆ ತೊಡಿಸಿ, ಹತ್ತಲು ಮರವನ್ನೇ ಕೊಡದಿದ್ದರೆ ಅದು ಸಂಕೋಲೆ.

ಇದನ್ನು ಅನುಭವದಿಂದ ಬರೆಯುತ್ತಿದ್ದೇನೆ. ಮದುವೆಯಾದ ಹೊಸದರಲ್ಲಿ ಆರು ವರ್ಷ ನಾನೊಂದು ಪ್ರಾರ್ಥನಾ ಗುಂಪಿನಲ್ಲಿದ್ದೆ. ಹೆಸರು ಬೇಡ, ಅಲ್ಲಿದ್ದವರಲ್ಲಿ ಒಳ್ಳೆಯವರೂ ಇದ್ದರು. ಹೂ ಮುಡಿಯಬಾರದು, ಬಳೆ ತೊಡಬಾರದು, ನೆರೆಮನೆಯ ಮದುವೆಯಲ್ಲಿ ಊಟ ಮಾಡಬಾರದು ಎಂಬಲ್ಲಿಂದ ಆರಂಭವಾದದ್ದು, ಗಂಡನ ಸಂಬಳದ ಲೆಕ್ಕವನ್ನು ಮುಖಂಡರಿಗೆ ಒಪ್ಪಿಸುವವರೆಗೆ ಬೆಳೆಯಿತು. ಇವೆಲ್ಲಕ್ಕೂ ಇಟ್ಟಿದ್ದ ಹೆಸರು ದೇವರಿಗೆ ವಿಧೇಯತೆ ಎಂದು. ಮನುಷ್ಯರ ಸಂಪ್ರದಾಯವನ್ನು ಹಿಡಿದುಕೊಂಡು ದೇವರ ಆಜ್ಞೆಯನ್ನು ಬಿಟ್ಟಿದ್ದೀರಿ ಎಂದು ಯೇಸು ಯೆಹೂದ್ಯರಲ್ಲಿ ಕಟ್ಟುನಿಟ್ಟಿನ ಪಂಥದವರಾದ ಫರಿಸಾಯರಿಗೆ ಹೇಳಿದ್ದು ಮಾರ್ಕನ 7ನೆಯ ಅಧ್ಯಾಯದಲ್ಲಿದೆ. ಹಿಡಿಯಬೇಡ, ರುಚಿ ನೋಡಬೇಡ, ಮುಟ್ಟಬೇಡ ಎಂಬ ವಿಧಿಗಳನ್ನು ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಹಂಗಿಸುತ್ತಾನೆ. ಆರು ವರ್ಷಗಳಲ್ಲಿ ಈ ಎರಡು ಭಾಗಗಳ ಮೇಲೆ ಅಲ್ಲಿ ಒಂದು ಬೋಧನೆಯನ್ನೂ ನಾನು ಕೇಳಲಿಲ್ಲ.

ಆದರೂ ನಾನು ಅಲ್ಲಿಂದ ಹೊರಬಂದದ್ದು ಒಂದು ಆಜ್ಞೆಯ ಬಲದಿಂದಲೇ, ಅದಕ್ಕಾಗಿಯೇ ಈ ಚರ್ಚೆಯಲ್ಲಿ ಬಾಯಿ ತೆರೆಯುತ್ತಿದ್ದೇನೆ. ಗುಂಪನ್ನು ಬಿಟ್ಟುಹೋದ ಒಬ್ಬ ಹೆಣ್ಣುಮಗಳ ನಡತೆಯ ಬಗ್ಗೆ, ನಾನು ಕಾಣದಿದ್ದುದನ್ನು ಕಂಡೆನೆಂದು ಎಲ್ಲರ ಮುಂದೆ ಹೇಳಬೇಕೆಂದು ನನಗೆ ಅಪ್ಪಣೆಯಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ನೆರೆಯವರ ಮೇಲೆ ಸುಳ್ಳುಸಾಕ್ಷಿ ಹೇಳಬಾರದು ಎಂಬ, ಬಾಲ್ಯದಲ್ಲಿ ಭಾನುವಾರದ ಶಾಲೆಯಲ್ಲಿ ಉರುಹೊಡೆದ ಆಜ್ಞೆ ಮಾತ್ರ ತಲೆಯಲ್ಲಿ ತಿರುಗುತ್ತಿತ್ತು. ಬೆಳಿಗ್ಗೆ ಹೋಗಿ, ನನ್ನಿಂದ ಆಗುವುದಿಲ್ಲವೆಂದೆ. ಕಾರಣ ಕೇಳಿದಾಗ ದೇವರು ಬೇಡವೆಂದಿದ್ದಾನೆ ಎಂದೆ. ಅವರಿಗೆ ಅದಕ್ಕೆ ಎದುರುತ್ತರ ಇರಲಿಲ್ಲ. ಮೇಲಿನ ಒಬ್ಬನಿಗೆ ವಿಧೇಯಳಾದ ಆ ಒಂದು ಬೆಳಗಿನಲ್ಲಿ ಉಳಿದವರೆಲ್ಲರ ಹಿಡಿತ ಸಡಿಲವಾಯಿತು. ನನ್ನ ಸ್ವಂತ ಧೈರ್ಯವನ್ನು ನಂಬಿಕೊಂಡಿದ್ದರೆ ನಾನು ಖಂಡಿತ ಆ ಸುಳ್ಳನ್ನು ಹೇಳಿಬಿಡುತ್ತಿದ್ದೆ.

ತೀರ್ಥಹಳ್ಳಿಯವರೇ, ನಿಮ್ಮ ಮಗಳಿಗೆ ಆಜ್ಞೆಯನ್ನು ವಿವರಿಸುವ ಮೊದಲು, ಕೊಳೆರೋಗಕ್ಕೂ ಭಾನುವಾರಕ್ಕೂ ಸಂಬಂಧವಿಲ್ಲವೆಂದು ಹೇಳಿಬಿಡಿ.

ನಿವೃತ್ತ ಮೇಷ್ಟ್ರು (ಶಿವಮೊಗ್ಗ)

ಅಕ್ಕನವರು ಬರೆದದ್ದನ್ನು ಓದಿದ ಮೇಲೆ ನನ್ನ ದೀರ್ಘ ವ್ಯಾಖ್ಯಾನ ಸ್ವಲ್ಪ ಸಪ್ಪೆಯೆನಿಸಿತು. ಒಂದೇ ಟಿಪ್ಪಣಿ: ನಿಮ್ಮ ಸಭಾಪಾಲಕರು ಬೋಧಿಸಿದ 119ನೆಯ ಕೀರ್ತನೆಯ 45ನೆಯ ವಚನದಲ್ಲಿ ಸ್ವಾತಂತ್ರ್ಯವೆಂದು ಅರ್ಥ ಮಾಡುವ ಹೀಬ್ರೂ ಪದದ ಮೂಲಾರ್ಥ ವಿಶಾಲವಾದ ಸ್ಥಳ ಎಂದು. ಆಜ್ಞೆಗಳನ್ನು ಹುಡುಕುವವನು ಅಗಲವಾದ ಜಾಗದಲ್ಲಿ ನಡೆದಾಡುತ್ತಾನೆ ಎಂದು ಕೀರ್ತನೆಗಾರ ಹೇಳುತ್ತಿದ್ದಾನೆ. ಜಿಗಣೆಯ ಕಾಡುಹಾದಿಯಲ್ಲಿ ಬಗ್ಗಿ ಬಗ್ಗಿ ನಡೆದು, ಒಮ್ಮೆಲೇ ಗದ್ದೆಬಯಲಿಗೆ ಬಂದು ಬೆನ್ನು ನೆಟ್ಟಗೆ ಮಾಡಿದವರಿಗೆ ಆ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೋಟದಂಚಿನವನು (ತೀರ್ಥಹಳ್ಳಿ ಕಡೆ)

ಮೂವರಿಗೂ ಕೃತಜ್ಞತೆ. ಅಕ್ಕ, ಕೊಳೆರೋಗದ ಮಾತನ್ನು ಮಗಳಿಗೆ ಹೇಳಿದೆ. "ಅದು ನನಗೆ ಗೊತ್ತಿತ್ತು, ನಿಮಗೆ ಗೊತ್ತಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ" ಎಂದಳು.

ಮೇಷ್ಟ್ರು ಹೇಳಿದ ಅರ್ಧ ಆಜ್ಞೆಯ ಮಾತು ನನ್ನನ್ನು ಹೆಚ್ಚು ಕಾಡಿತು. ನಿನ್ನೆ ಚಪ್ಪರಕ್ಕೆ ಹೋಗಿ, ಇನ್ನು ಮುಂದೆ ಭಾನುವಾರ ಸುಲಿತ ಬೇಡವೆಂದು ಹೇಳಿದೆ. ದೊಡ್ಡ ಉಪಕಾರ ಮಾಡಿದೆನೆಂಬ ಭಾವನೆ ನನಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅವರಲ್ಲಿ ಹಿರಿಯಳಾದವಳು ಕತ್ತಿಯಿಂದ ಕಣ್ಣೆತ್ತದೆಯೇ ಕೇಳಿದಳು: "ರಜೆ ನೀವು ಕೊಟ್ಟಿರಿ ಅಯ್ಯಾ, ಆ ದಿನದ ಕೂಲಿ ಯಾರು ಕೊಡ್ತಾರೆ?" ಸುಲಿದಷ್ಟಕ್ಕೆ ಕೂಲಿ ಪಡೆಯುವವರಿಗೆ ಬಿಡುವೆಂದರೆ ಖಾಲಿ ಕೈ ಎಂಬುದು ನನಗೆ ಹೊಳೆದೇ ಇರಲಿಲ್ಲ. ಇನ್ನೊಬ್ಬಳು, ಕೊಡುವುದಾದರೆ ಸಂತೆಯ ದಿನ ಬಿಡುವು ಕೊಡಿ, ಭಾನುವಾರ ನಮಗೇನಾಗಬೇಕು ಎಂದಳು. ಅವರು ಯಾರೂ ನಮ್ಮ ಸಭೆಯವರಲ್ಲ, ಹಾಗಾಗಿ ಅವಳ ಮಾತೂ ನ್ಯಾಯವಾದದ್ದೇ.

ಮನೆಗೆ ಬಂದು ವಿಮೋಚನಕಾಂಡದ 16ನೆಯ ಅಧ್ಯಾಯವನ್ನು ಓದಿದೆ. ಅರಣ್ಯದಲ್ಲಿ ದೇವರು ಆಹಾರವಾಗಿ ಕೊಡುತ್ತಿದ್ದ ಮನ್ನ ಏಳನೆಯ ದಿನ ಬೀಳುತ್ತಿರಲಿಲ್ಲ, ಅದಕ್ಕಾಗಿ ಆರನೆಯ ದಿನವೇ ಎರಡರಷ್ಟು ಸಿಗುತ್ತಿತ್ತು. ವಿಶ್ರಮಿಸು ಎಂದವನೇ ಆ ದಿನದ ಊಟಕ್ಕೂ ಹೊಣೆಯಾಗಿದ್ದ. ರಾತ್ರಿ ಮಗಳು ಕಾಗದ ಪೆನ್ನು ಹಿಡಿದು ಕೂತಳು. ಏಳು ದಿನದ ಕೂಲಿಯನ್ನು ಆರು ದಿನಕ್ಕೆ ಹಂಚಿದರೆ ಕ್ವಿಂಟಾಲಿಗೆ ಖರ್ಚು ಎಷ್ಟು ಏರುತ್ತದೆ, ಸಂತೆಯ ದಿನ ಮಧ್ಯಾಹ್ನದ ಮೇಲೆ ಬಿಟ್ಟರೆ ಹಂಡೆ ಯಾವಾಗ ಹಚ್ಚಬೇಕು ಎಂದು ಇಬ್ಬರೂ ಲೆಕ್ಕ ಹಾಕಿದೆವು. ಅದು ಇನ್ನೂ ಪೂರ್ತಿ ಕೂಡಿಬಂದಿಲ್ಲ. ಶನಿವಾರ ಸಂಜೆಗೆ ಅಂಗಳದಲ್ಲಿ ಹಸಿ ಅಡಿಕೆ ಉಳಿಯಬಾರದೆಂದು, ಈ ವಾರ ಕೊನೆಗಾರನಿಗೆ ಬುಧವಾರವೇ ಬರಲು ಹೇಳಿ ಕಳಿಸಿದ್ದೇನೆ.