ಹೊಟ್ಟಿಗೆ ಪೈಪ್ ಹಾಕ್ಸೋದಾ, ಬಾಯಿಲೇ ಉಣ್ಸೋದಾ?

ನಾನು ಗಂಗಾವತಿ ಕಡೆಯಾಕಿ. ಮಗನಿಗೆ 5 ವರ್ಷ, ಸೆರೆಬ್ರಲ್ ಪಾಲ್ಸಿ (ಎಳೇ ಮೆದುಳಿಗೆ ಪೆಟ್ಟಾಗಿ ಮೈಯಿನ ಸ್ನಾಯು ಹಿಡಿತಕ್ಕ ಸಿಗದ ತೊಂದ್ರಿ). ತೂಕ 9 ಕೆಜಿ ದಾಟವಲ್ದು. ಒಂದು ಬಟ್ಟಲ ಮೆತ್ತನ್ನ ಅನ್ನ-ಸಾರು ಉಣಸಾಕ ಒಂದೂವರೆ ತಾಸು. ನೀರು ಕುಡಿಸಿದ್ರ ಕೆಮ್ಮಿ ಕೆಮ್ಮಿ ಕಣ್ಣಾಗ ನೀರು ಬರ್ತಾವ. ಈ ವರ್ಷ ಎರಡು ಸಲ ನ್ಯುಮೋನಿಯಾ ಆತು. ಡಾಕ್ಟರು ಹೊಟ್ಟಿಗೇ ಪೈಪ್ ಅಂತಾರ. ಅತ್ತಿ, "ಬಾಯಿದ್ದ ಕೂಸಿಗೆ ಹೊಟ್ಟಿ ಕೊರೀತೀರೇನು?" ಅಂತ ಅಳ್ತಾರ. ಹಾಕಿಸಿದವ್ರು ಹೇಳ್ರಿ.

ಸಿಂಧನೂರಿನ ತಾಯಿ:
ಅಕ್ಕಾ, ನಮ್ಮಾಕಿಗೆ ಮೊದ್ಲು ಮೂಗಿನ ಪೈಪ್ ಇತ್ತು, ದಿನಾ ಕಿತ್ತಾಕತಿದ್ಲು. ಅದು ಕೆಲವು ವಾರಕ್ಕಷ್ಟ ಸರಿ. ಹೊಟ್ಟಿದು ಹಾಕಿಸಿದ ಮ್ಯಾಲೆ ತೂಕ ಏರ್ತು. ಸುತ್ತಲಿನ ಚರ್ಮ ಕೆಂಪಾಗೋದು, ಗುಳಿಗಿ ಪುಡಿ ಪೈಪಿನ್ಯಾಗ ಕಟ್ಕೊಳ್ಳೋದು ಇದ್ದದ್ದ. ಕೊಟ್ಟಮ್ಯಾಲೆ ನೀರು ಹಾಯಿಸ್ರಿ. ಡಾಕ್ಟರನ್ನ ಕೇಳಿಕೊಂಡು ಯುಗಾದಿಗೆ ನಾಲಿಗಿಗೆ ಬೇವು-ಬೆಲ್ಲ ಸವರಿದೆ. ಬೇವಿಗೆ ಮುಖ ಕಿವುಚಿ, ಬೆಲ್ಲಕ್ಕ ನಕ್ಕಳು.

ಬಳ್ಳಾರಿಯ ಸ್ಪೀಚ್ ಥೆರಪಿಸ್ಟ್:
ಪೈಪ್ ಹಾಕಿದ ಮಾತ್ರಕ್ಕೆ ನ್ಯುಮೋನಿಯಾ ನಿಲ್ಲುತ್ತೆ ಅಂತಿಲ್ಲ. ಜೊಲ್ಲು, ಹೊಟ್ಟೆಯಿಂದ ಮೇಲೆ ಬಂದದ್ದು ಕೂಡ ಶ್ವಾಸಕೋಶಕ್ಕೆ ಇಳಿಯಬಹುದು. ಊಟದಲ್ಲಿ ಬೇರಿಯಂ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ಪುಡಿ) ಕಲಸಿ ನುಂಗಿಸಿ ಎಕ್ಸ್‌ರೇ ವಿಡಿಯೋ ತೆಗೆಯುವ ಪರೀಕ್ಷೆ ಆಗಿದೆಯಾ? ಯಾವ ಹದದ್ದು ಸಲೀಸು ಅಂತ ಅದರಲ್ಲಿ ಗೊತ್ತಾಗುತ್ತೆ.

ಕೇಳಿದಾಕಿ:
ಅದು ಮಾಡ್ಸಿಲ್ರಿ. ಸೋಮವಾರ ಕೇಳ್ತೀನಿ. ಬೆಲ್ಲದ ಮಾತು ಅತ್ತಿಗೆ ಓದಿ ಹೇಳಿದೆ, ಸುಮ್ಮನಾದ್ರು.