ಬೇಸಿಗೆಯಲ್ಲಿ ಲೇನಿಯರ್ ಸರೋವರ: ಸ್ಟ್ರೈಪ್ಡ್ ಬಾಸ್‌ಗೆ ಟ್ರೋಲಿಂಗ್ ಹೇಗೆ?

ಹೊಸ ಗಾಳಗಾರ:
ನಮಸ್ಕಾರ ಎಲ್ಲರಿಗೂ. ಅಮೆರಿಕದ ಜಾರ್ಜಿಯಾದ ಲೇನಿಯರ್ ಸರೋವರದಲ್ಲಿ ಏಪ್ರಿಲ್‌ನಲ್ಲಿ ದಡದ ಹತ್ತಿರವೇ ಸ್ಟ್ರೈಪ್ಡ್ ಬಾಸ್ ಮೀನು (ಸ್ಟ್ರೈಪರ್) ಸಿಕ್ಕಿದ್ದವು. ಈಗ ಜುಲೈ. ಮೂರು ಶನಿವಾರ ದೋಣಿ ಓಡಿಸಿದೆ, ಮೀನು ಹೋಗಲಿ, ಗಾಳಕ್ಕೆ ಒಂದು ಎಳೆತವೂ ಇಲ್ಲ. ಟ್ರೋಲಿಂಗ್, ಅಂದರೆ ಓಡುವ ದೋಣಿಯ ಹಿಂದೆ ಗಾಳ ಎಳೆಯುವುದು: ಎರಡು ಪ್ಲಗ್ (ಮೀನಿನ ಆಕಾರದ ನಕಲಿ ಎರೆ) ಬಿಟ್ಟು ಗಂಟೆಗೆ 4 ಮೈಲಿ ವೇಗದಲ್ಲಿ ಹೋಗುತ್ತಿದ್ದೆ. ಫಿಶ್‌ಫೈಂಡರ್ (ನೀರಿನಡಿಯ ಮೀನು ತೋರಿಸುವ ಯಂತ್ರ) ಇದೆ, ಡೌನ್‌ರಿಗ್ಗರ್ (ಭಾರ ಕಟ್ಟಿ ಗಾಳವನ್ನು ಆಳಕ್ಕೆ ಇಳಿಸುವ ಸಾಧನ) ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಆಳದ ನೀರು:
ನಿಮ್ಮ ಪ್ಲಗ್ ಮೀನಿನ ತಲೆಯಿಂದ ತುಂಬಾ ಮೇಲೆ ಹೋಗುತ್ತಿದೆ ಸಾರ್. ಬೇಸಿಗೆಯಲ್ಲಿ ಮೇಲಿನ ನೀರು 80 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ, ದೊಡ್ಡ ಸ್ಟ್ರೈಪರ್‌ಗಳು ಅದನ್ನು ತಡೆಯಲಾರದೆ ತಂಪು ಹುಡುಕಿಕೊಂಡು ಇಳಿಯುತ್ತವೆ. ಹಾಗಂತ ತೀರಾ ತಳಕ್ಕೂ ಹೋಗುವುದಿಲ್ಲ, ಬೇಸಿಗೆ ಬಲಿತಂತೆ ಅಲ್ಲಿ ಆಕ್ಸಿಜನ್ ಕಡಿಮೆಯಾಗುತ್ತದೆ. ಎರಡರ ನಡುವೆ ಉಳಿಯುವ ಪದರದಲ್ಲೇ ಎಲ್ಲ ಸೇರಿಕೊಂಡಿರುತ್ತವೆ. ಅದಕ್ಕೇ ಮೊದಲ ಅರ್ಧ ಗಂಟೆ ಗಾಳ ಹಾಕಲೇಬೇಡಿ. ಬುಫೋರ್ಡ್ ಅಣೆಕಟ್ಟಿನ ಕಡೆ, ಸರೋವರದಡಿ ಮುಳುಗಿರುವ ಚಾಟಹೂಚಿ ನದಿಯ ಹಳೇ ಪಾತ್ರದ ಮೇಲೆ ಸುಮ್ನೆ ಸುತ್ತುತ್ತಾ ಫಿಶ್‌ಫೈಂಡರ್ ತೆರೆ ನೋಡಿ. ಮೀನು ಎಷ್ಟು ಅಡಿಯಲ್ಲಿ ಕಾಣುತ್ತದೋ ಅದಕ್ಕಿಂತ ನಾಲ್ಕೈದು ಅಡಿ ಮೇಲೆ ಗಾಳ ಸಾಗಬೇಕು. ಈ ಮೀನು ಮೇಲೆದ್ದು ಹಿಡಿಯುವುದೇ ಜಾಸ್ತಿ.

ಸೀಸದ ದಾರ:
ಡೌನ್‌ರಿಗ್ಗರ್ ಇಲ್ಲದಿದ್ದರೂ ಚಿಂತೆಯಿಲ್ಲ, ಲೆಡ್‌ಕೋರ್ ದಾರ ತಗೊಳ್ಳಿ. ಒಳಗೆ ಸೀಸದ ಎಳೆ ಇರುತ್ತದೆ, ಪ್ರತಿ 10 ಗಜಕ್ಕೆ ಬಣ್ಣ ಬದಲಾಗುತ್ತದೆ, ಹಾಗಾಗಿ ಎಷ್ಟು ಬಿಟ್ಟಿದ್ದೀರಿ ಅಂತ ಬಣ್ಣ ಎಣಿಸಿದರೆ ಸಾಕು. ವೇಗ 4 ಮೈಲಿ ಬೇಡ, ಎರಡೂವರೆಗೆ ಇಳಿಸಿ. ನನ್ನ ದೋಣಿಯಲ್ಲಿ ಬಕ್‌ಟೇಲ್ ಜಿಗ್ (ಭಾರದ ತಲೆಗೆ ಕೂದಲು ಕಟ್ಟಿದ ನಕಲಿ ಎರೆ) ಕಟ್ಟಿದರೆ ಒಂದು ಬಣ್ಣಕ್ಕೆ ನಾಲ್ಕೈದು ಅಡಿ ಇಳಿಯುತ್ತದೆ, ಏಳು ಬಣ್ಣ ಬಿಟ್ಟರೆ 30 ಅಡಿಯ ಆಸುಪಾಸು. ನೇರವಾಗಿ ಓಡಿಸಬೇಡಿ, ಹಾವಿನ ಹಾಗೆ ತಿರುಗಿಸುತ್ತಾ ಹೋಗಿ. ತಿರುವಿನ ಒಳಗಡೆಯ ಗಾಳ ನಿಧಾನವಾಗಿ ಸಾಗಿ ಕೆಳಗಿಳಿಯುತ್ತದೆ, ಹೊರಗಡೆಯದು ಜೋರಾಗಿ ಸಾಗಿ ಮೇಲೇರುತ್ತದೆ. ಯಾವುದಕ್ಕೆ ಕಚ್ಚಿತು ನೋಡಿಕೊಳ್ಳಿ, ಆವತ್ತಿನ ವೇಗ ಅದೇ ಹೇಳುತ್ತದೆ. ಮುಳುಗಿದ ಮರಗಳಿರುವ ಜಾಗ ಮಾತ್ರ ಬಿಟ್ಟು ನಡೆಯಿರಿ.

ಹೊಸ ಗಾಳಗಾರ:
ಸಿಕ್ಕಿತು! ಏಳನೇ ಬಣ್ಣ, ಒಳಗಡೆಯ ಗಾಳ. ತುಂಬಾ ಥ್ಯಾಂಕ್ಸ್. ಆದರೆ ನೀರಿಗೆ ಬಿಟ್ಟಾಗ ಅದು ಮಗುಚಿ ತೇಲಿತು, ತುಂಬಾ ಬೇಜಾರಾಯಿತು.

ಆಳದ ನೀರು:
ತಂಪಿನಿಂದ ಎಳೆದು ಬಿಸಿ ನೀರಿನಲ್ಲಿ ಸೆಣಸಾಡಿಸಿದರೆ ಹಲವು ಬದುಕುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಹಿಡಿದು ಬಿಡುವ ಆಟ ಬೇಡ. ನಿಯಮ ಒಪ್ಪುವಷ್ಟು, ಅದರಲ್ಲೂ ನಿಮ್ಮ ಊಟಕ್ಕೆ ಬೇಕಾದಷ್ಟು ಹಿಡಿದು ಐಸ್ ಮೇಲೆ ಹಾಕಿ, ಅಲ್ಲಿಗೆ ದಾರ ಸುತ್ತಿಬಿಡಿ.